ಚೀಲ ಯಾರ ಕೈಯಲ್ಲಿತ್ತು

ನನ್ನ ಮೇಲೆ ದೂರು ಬಂದಿದೆ ಎಂದು ಸಂಯೋಜಕಿ ಫೋನ್ ಮಾಡಿದಾಗ ನಾನು ರಾಯಚೂರಿನ ತೀನ್ ಕಂದೀಲ್ ಹತ್ತಿರ ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದೆ. "ಸರ್, ಈ ಭಾನುವಾರದ ವಿತರಣೆಗೆ ನೀವು ಬರುವುದು ಬೇಡ. ನಾಳೆ ಕಚೇರಿಗೆ ಬನ್ನಿ, ಪತ್ರ ಕೊಡುತ್ತೇವೆ. ಅಲ್ಲಿಯವರೆಗೆ ಯಾರ ಹತ್ತಿರವೂ ಈ ಮಾತು ಎತ್ತಬೇಡಿ. ದೂರು ಕೊಟ್ಟವರು ಯಾರೆಂದು ಹುಡುಕುವುದಕ್ಕೂ ಹೋಗಬೇಡಿ" ಎಂದಳು. ಧ್ವನಿಯಲ್ಲಿ ಗೌರವ ಇತ್ತು, ಆದರೆ ಸಲುಗೆ ಇರಲಿಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವನು ನಾನು. ವಿಚಾರಣೆ ಮಾಡುವ ಕುರ್ಚಿಯಲ್ಲಿ ಕುಳಿತು ಅಭ್ಯಾಸವೇ ಹೊರತು ಎದುರಿನ ಕುರ್ಚಿಯಲ್ಲಿ ಅಲ್ಲ. ಹಣ ಕೊಟ್ಟು ಪೊಟ್ಟಣವನ್ನು ಅಂಗಡಿಯ ಕಟ್ಟೆಯ ಮೇಲೆಯೇ ಮರೆತು ಮನೆಗೆ ಬಂದೆ.

ನಮ್ಮದು ಚಿಕ್ಕ ಸೇವಾ ಸಂಸ್ಥೆ. ಹೆಸರು ಇಲ್ಲಿ ಬೇಡ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಊರಿನಲ್ಲಿ ಉಳಿದ ಮುದುಕರಿಗೆ, ಒಂಟಿ ಹೆಂಗಸರಿಗೆ, ಅಂಗವಿಕಲರಿಗೆ ತಿಂಗಳಿಗೊಮ್ಮೆ ದಿನಸಿ ಚೀಲ ಮುಟ್ಟಿಸುತ್ತೇವೆ. ಕಣ್ಣಿನ ಪರೀಕ್ಷೆಗೆ ಕರೆತರುತ್ತೇವೆ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳ ಮನೆಬಾಗಿಲಿಗೆ ಹೋಗಿ ಕುಳಿತುಕೊಳ್ಳುತ್ತೇವೆ. ಸಂಬಳದ ಮೇಲೆ ಇರುವವರು ಮೂವರು, ಉಳಿದವರೆಲ್ಲ ನನ್ನಂತೆ ಸ್ವಯಂಸೇವಕರು.

ಸೇರುವಾಗಲೇ ನನಗೆ ಒಂದು ಸಿಟ್ಟು ಇತ್ತು. ಅರ್ಜಿ ತುಂಬಬೇಕು, ಸಂಬಂಧಿಕರಲ್ಲದ ಇಬ್ಬರು ನನ್ನ ನಡತೆಯ ಬಗ್ಗೆ ಬರೆದುಕೊಡಬೇಕು, ಪೊಲೀಸ್ ಪರಿಶೀಲನಾ ಪತ್ರ ತರಬೇಕು. ಅಕ್ಕಿ ಚೀಲ ಹೊರುವುದಕ್ಕೆ ಪೊಲೀಸರ ಚೀಟಿ! ನನ್ನಿಂದ ಅಕ್ಷರ ಕಲಿತ ಹುಡುಗನೊಬ್ಬ ಕಾನ್‌ಸ್ಟೇಬಲ್ ಆಗಿದ್ದಾನೆ. ಅವನೇ ಮನೆಗೆ ಬಂದು ಚಹಾ ಕುಡಿದು, "ಸರ್, ನಿಮ್ಮ ಮೇಲೆ ಯಾವುದಾದರೂ ಪ್ರಕರಣ ಇದೆಯೇ ಎಂದು ಕೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ" ಎಂದು ನೆಲ ನೋಡುತ್ತ ಕೇಳಿದ. ಅವನಿಗಿಂತ ನನಗೇ ಹೆಚ್ಚು ನಾಚಿಕೆಯಾಯಿತು.

2009ರ ನೆರೆಯಲ್ಲಿ ನಮಗೆ ಯಾರು ಚೀಟಿ ಕೇಳಿದ್ದರು ಎಂದು ಸಂಯೋಜಕಿಯ ಮುಂದೆ ವಾದ ಹೂಡಿದೆ. ಆ ವರ್ಷ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದವರೆಗೂ ಬಿಡಲಿಲ್ಲ. ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿತು. ಈಚೆ ದಂಡೆಯ ನಮ್ಮ ಊರುಗಳೂ ನೀರಿನಲ್ಲಿ ನಿಂತವು. ನಾನಿದ್ದ ಶಾಲೆ ರಾತ್ರಿ ಬೆಳಗಾಗುವುದರೊಳಗೆ ಗಂಜಿ ಕೇಂದ್ರವಾಯಿತು. ಲಾರಿಗಳ ಮೇಲಿಂದ ಜನ ಹಳೆಯ ಬಟ್ಟೆ, ರೊಟ್ಟಿಯ ಗಂಟು ಎಸೆಯುತ್ತಿದ್ದರು, ಕೆಳಗಿನವರು ಹಿಡಿಯುತ್ತಿದ್ದರು. ನಾನೂ ಒಂದು ಲಾರಿ ಹತ್ತಿ ಎಸೆದಿದ್ದೇನೆ. ನಿಯಮವಿಲ್ಲದೆಯೂ ಸೇವೆ ನಡೆಯಿತಲ್ಲ ಎಂಬುದು ನನ್ನ ವಾದವಾಗಿತ್ತು.

ಅವಳು ಕೇಳಿದ್ದು ಇಷ್ಟೇ: "ಆ ಗಂಜಿ ಕೇಂದ್ರದಲ್ಲಿ ಹೆಂಗಸರು ರಾತ್ರಿ ಬಯಲಿಗೆ ಹೋಗುತ್ತಿದ್ದುದು ಎಲ್ಲಿಗೆ ಸರ್?"

ನನಗೆ ಗೊತ್ತಿರಲಿಲ್ಲ. ಆದರೆ ಆ ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ನೆನಪು ಬಂತು. ಒಬ್ಬ ಮನುಷ್ಯ ಮೂರು ಸಂಜೆ ಬಂದಿದ್ದ. ಬಿಸ್ಕತ್ತು ಹಂಚುತ್ತಿದ್ದ, ಹದಿನಾಲ್ಕು ಹದಿನೈದರ ಹುಡುಗಿಯರ ತಾಯಂದಿರ ಹತ್ತಿರ ಕುಳಿತು ಬೆಂಗಳೂರಿನಲ್ಲಿ ಮನೆಗೆಲಸವಿದೆ, ಊಟ ವಸತಿ ಪುಕ್ಕಟೆ ಎನ್ನುತ್ತಿದ್ದ. ಅವನ ಹೆಸರನ್ನು ನಾವು ಯಾರೂ ಕೇಳಲಿಲ್ಲ. ಬಿಸ್ಕತ್ತು ತಂದಿದ್ದನಲ್ಲ.

ಅವನ ಮಾತು ನಂಬಿ ಯಾರಾದರೂ ಹೋದರೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಪೊಲೀಸ್ ಚೀಟಿ ತಂದುಕೊಟ್ಟೆ.

ಅರ್ಧ ದಿನದ ತರಬೇತಿ ಇತ್ತು. ಬಳ್ಳಾರಿಯಿಂದ ಬಂದ ಸಮಾಜಕಾರ್ಯಕರ್ತೆಯೊಬ್ಬರು ನಡೆಸಿದರು. ಸುಮ್ಮನೆ ನೀತಿಬೋಧೆ ಇರುತ್ತದೆ ಎಂದುಕೊಂಡು ಹೋಗಿದ್ದೆ. ಅವರು ಆರಂಭಿಸಿದ್ದು ಪಶ್ಚಿಮ ಆಫ್ರಿಕದಿಂದ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ ಆಹಾರ ಹಂಚುವವರೇ ಹೆಣ್ಣುಮಕ್ಕಳ ದೇಹವನ್ನು ಬೆಲೆಯಾಗಿ ಕೇಳುತ್ತಿದ್ದರು ಎಂಬ ವರದಿ 2002ರಲ್ಲಿ ಹೊರಬಂದಿತ್ತಂತೆ. ಮರುವರ್ಷ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ತಮ್ಮ ಸಿಬ್ಬಂದಿಗೆ ಹೊರಡಿಸಿದ ಕಟ್ಟಳೆಯಲ್ಲಿ, ಹಣ, ಕೆಲಸ, ಸಾಮಾನು, ನೆರವು ಯಾವುದನ್ನೂ ಲೈಂಗಿಕ ಸಂಬಂಧಕ್ಕೆ ವಿನಿಮಯ ಮಾಡಕೂಡದು, ಹದಿನೆಂಟರೊಳಗಿನವರೊಂದಿಗೆ ಯಾವ ದೇಶದ ಕಾನೂನು ಏನೇ ಹೇಳಲಿ ಕೂಡದು, ಸಹೋದ್ಯೋಗಿಯ ಮೇಲೆ ಅನುಮಾನ ಬಂದರೆ ತಿಳಿಸಲೇಬೇಕು ಎಂದು ಬರೆದರು. ದೂರದ ಕಥೆ ಎಂದು ನಾವು ಕಿಟಕಿಯಾಚೆ ನೋಡತೊಡಗಿದೆವು. ಆಗ ಅವರು ನಮ್ಮ ಕಾನೂನಿಗೆ ಬಂದರು.

2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮಾತ್ರ ಮೊಕದ್ದಮೆ ಬರುವುದಿಲ್ಲ. ಮಗು ಏನಾದರೂ ಹೇಳಿದರೆ ನಾವು ಪತ್ತೇದಾರರಾಗಿ ಅದನ್ನೇ ನಾಲ್ಕು ಸಲ ಕೇಳಬಾರದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬಾರದು, ಏಕೆಂದರೆ ಹೇಳಲೇಬೇಕಾಗುತ್ತದೆ. ಮಗು ಬಳಸಿದ ಪದಗಳನ್ನೇ ಬರೆದಿಡಬೇಕು, ನಮ್ಮ ಶಿಷ್ಟ ಕನ್ನಡಕ್ಕೆ ತಿದ್ದಬಾರದು. ಈ ಕೊನೆಯ ಮಾತು ಹೇಳುವಾಗ ಅವರು ನನ್ನತ್ತ ನೋಡಿದರು ಎಂದು ನನಗನ್ನಿಸಿತು.

ಊಟದ ಹೊತ್ತಿನಲ್ಲಿ ನಾನು ರೊಟ್ಟಿ ಮುರಿಯುತ್ತ ಕುಳಿತೇ ಇದ್ದೆ, ಬಾಯಿಗೆ ಹೋಗಲಿಲ್ಲ. ಬಹಳ ಹಿಂದೆ, ಆ ಕಾಯ್ದೆ ಬರುವುದಕ್ಕೂ ಮುಂಚೆ, ನಾನಿದ್ದ ಒಂದು ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ಇದ್ದ. ಎಂಟನೇ ತರಗತಿಯ ಹುಡುಗಿಯರು ಅವನ ಮೇಜಿನ ಹತ್ತಿರ ಪಟ್ಟಿ ತೋರಿಸಲು ಹೋಗುತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಸಭೆ ಸೇರಿದೆವು, ಊರಿನ ಹಿರಿಯರನ್ನು ಕರೆದೆವು, ಹುಡುಗಿಯರ ಮಾನದ ಪ್ರಶ್ನೆ ಎಂದೆವು. ಕೊನೆಗೆ ಅವನನ್ನು ವರ್ಗ ಮಾಡಿಸಿದೆವು. ಹೋದದ್ದು ಎಲ್ಲಿಗೆ? ಇನ್ನೊಂದು ಶಾಲೆಗೆ. ಬೀಳ್ಕೊಡುಗೆಯಲ್ಲಿ ನಾನೇ ಶಾಲು ಹೊದಿಸಿದ್ದೆ.

ಮಧ್ಯಾಹ್ನದ ಮೇಲೆ ನಮಗೆ ಸಂಸ್ಥೆಯ ರಕ್ಷಣಾ ನೀತಿಯ, ಅಂದರೆ ನೆರವು ಪಡೆಯುವವರಿಗೆ ನಮ್ಮಿಂದಲೇ ತೊಂದರೆಯಾಗದಂತೆ ಕಾಯುವ ನಿಯಮಗಳ, ಕನ್ನಡ ಪ್ರತಿ ಕೊಟ್ಟರು. ಇಂಗ್ಲಿಷಿನಿಂದ ಯಾರೋ ಯಂತ್ರಕ್ಕೆ ಹಾಕಿ ತೆಗೆದಂತಿತ್ತು. "ದುರ್ಬಲ ವಯಸ್ಕರು" ಎಂಬ ಮಾತು ಕಂಡು ನನಗೆ ರೇಗಿತು. ನಮ್ಮ ಅವ್ವ ಎಪ್ಪತ್ತೈದರಲ್ಲೂ ಮೆಣಸಿನಕಾಯಿ ಹರಿಯಲು ಹೋಗುತ್ತಿದ್ದಳು, ಅವಳನ್ನು ದುರ್ಬಲಳು ಎನ್ನುವ ಧೈರ್ಯ ಯಾರಿಗಿತ್ತು ಎಂದೆ. "ಹೊಲದಲ್ಲಿ ಅಲ್ಲ ಸರ್. ಪಿಂಚಣಿ ಬಂದಿಲ್ಲವೆಂದು ಕೇಳಲು ಕಚೇರಿಯ ಬಾಗಿಲಲ್ಲಿ ನಿಂತಾಗ?" ಎಂದರು ಆಕೆ. ಅದು ಸರಿಯಾದ ಉತ್ತರವೇ. ಆದರೂ ಭಾಷೆ ಕೆಟ್ಟದ್ದು ಕೆಟ್ಟದ್ದೇ. ಪ್ರತಿಯನ್ನು ಮನೆಗೆ ಒಯ್ದು ಎರಡು ರಾತ್ರಿ ಕುಳಿತು ಕೆಂಪು ಶಾಯಿಯಲ್ಲಿ ಇಡೀ ತಿದ್ದಿದೆ. "ನೆರವು ಪಡೆಯುವ ಸ್ಥಿತಿಯಲ್ಲಿರುವುದರಿಂದ ತೊಂದರೆಗೆ ಸಿಲುಕಬಹುದಾದವರು" ಎಂದು ಉದ್ದವಾದರೂ ಸರಿಯಾಗಿ ಬರೆದೆ. ಆರನೇ ಅಂಶ ಫೋಟೋಗಳದ್ದು. ಅದನ್ನಂತೂ ನಾನು ಹೊಸದಾಗಿಯೇ ಬರೆದೆ: "ಯಾರದೇ ಚಿತ್ರ ತೆಗೆಯುವ ಮೊದಲು, ಅದನ್ನು ಎಲ್ಲಿ, ಯಾರಿಗೆ, ಯಾಕೆ ತೋರಿಸುತ್ತೇವೆ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎಂದರೆ ನೆರವು ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ವಂತ ಮೊಬೈಲಿನಲ್ಲಿ ತೆಗೆಯಬಾರದು." ಓದಿ ಎಲ್ಲರೂ ಮೆಚ್ಚಿದರು.

ಆ ನೀತಿಯ ಒಂದು ಅಂಶವನ್ನು ಮಾತ್ರ ನಾನು ವಿರೋಧಿಸಿದ್ದೆ. ದಿನಸಿ ಚೀಲದ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ಹಿರಿಯ ನಾಗರಿಕರದು 14567, ತುರ್ತಿಗೆ 112. ಇವುಗಳ ಕೆಳಗೆ, ನಮ್ಮ ಸ್ವಯಂಸೇವಕರಿಂದ ತೊಂದರೆಯಾದರೆ ತಿಳಿಸಿ ಎಂದು ಸಂಸ್ಥೆಯದೇ ಒಂದು ನಂಬರು. ಪುಕ್ಕಟೆ ಕೊಟ್ಟು ಮೇಲೆ ದೂರನ್ನೂ ಬೇಡಿ ತಂದುಕೊಳ್ಳುವುದೇ ಎಂದು ನಕ್ಕಿದ್ದೆ.

ನನ್ನ ಮೇಲಿನ ದೂರು ಬಂದದ್ದು ಆ ನಂಬರಿಗೆ.

ಕಚೇರಿಯಲ್ಲಿ ಕೊಟ್ಟ ಪತ್ರ ಒಂದೇ ಪುಟ. ಇಂಥ ತಿಂಗಳ ವಿತರಣೆಯಲ್ಲಿ ನಾನು ತೆಗೆದ ಫೋಟೋ ಬಗ್ಗೆ ಆಕ್ಷೇಪ ಬಂದಿದೆ, ವಿಚಾರಣೆ ಮುಗಿಯುವವರೆಗೆ ನನಗೆ ಕ್ಷೇತ್ರದ ಕೆಲಸ ಇಲ್ಲ, ಇದು ಶಿಕ್ಷೆಯಲ್ಲ, ನನ್ನ ಮಾತು ಹೇಳಲು ಪೂರ್ಣ ಅವಕಾಶವಿದೆ, ಬೇಕಿದ್ದರೆ ಜೊತೆಗೆ ಒಬ್ಬರನ್ನು ಕರೆತರಬಹುದು. ಶಿಕ್ಷೆಯಲ್ಲ ಎಂದು ಬರೆದದ್ದು ಓದಿದಾಗಲೇ ಅದು ಶಿಕ್ಷೆಯಂತೆ ಅನ್ನಿಸುವುದು. ಭಾನುವಾರ ಎಂದಿನಂತೆ ಐದಕ್ಕೆ ಎಚ್ಚರವಾಯಿತು. ಹೆಂಡತಿ ಕೇಳಿದಳು, ಮೊಣಕಾಲು ನೋವು ಎಂದೆ.

ಯಾವ ಫೋಟೋ ಎಂದು ತಿಳಿಯಲು ಮೊಬೈಲ್ ತೆರೆದೆ. ದಂಡೆಯ ಒಂದು ಊರು, ನಡುವಯಸ್ಸಿನ ಒಬ್ಬ ಹೆಂಗಸು, ಎರಡೂ ಕೈಯಿಂದ ಚೀಲ ಅಪ್ಪಿಕೊಂಡಿದ್ದಾಳೆ, ಸಂಜೆಯ ಬೆಳಕು ಮುಖದ ಮೇಲೆ. ಒಳ್ಳೆಯ ಚಿತ್ರ ಎಂದು ಈಗಲೂ ಹೇಳುತ್ತೇನೆ. ಸಂಸ್ಥೆಯ ಕ್ಯಾಮೆರಾ ಆ ದಿನ ಬಂದಿರಲಿಲ್ಲ, ನನ್ನ ಮೊಬೈಲಿನಲ್ಲೇ ತೆಗೆದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ, ನಮ್ಮ ನಿವೃತ್ತ ಶಿಕ್ಷಕರ ಗುಂಪಿಗೂ ಕಳಿಸಿದೆ, ದಾನಿಗಳು ಸಿಗಲಿ ಎಂದು. ಕೆಳಗೆ ಒಂದು ಸಾಲು ಬರೆದಿದ್ದೆ. ಅದರಲ್ಲಿ ಊರಿನ ಹೆಸರಿತ್ತು. ಮತ್ತು ಇಂಥ ಪದ್ಧತಿಗೆ ಬಲಿಯಾದ ತಾಯಂದಿರಿಗೆ ನೆರವು ಎಂದು, 1982ರಲ್ಲೇ ನಮ್ಮ ರಾಜ್ಯ ಕಾಯ್ದೆ ಮಾಡಿ ನಿಷೇಧಿಸಿದ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಆ ಪದ್ಧತಿಯ ಹೆಸರೂ ಇತ್ತು. ಕರುಣೆಯಿಂದ ಬರೆದ ಸಾಲು. ಅಲಂಕಾರವೂ ಇತ್ತು.

ವಿಚಾರಣೆಗೆ ಕುಳಿತವರು ಇಬ್ಬರು: ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಿಳೆ, ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬ ವಕೀಲರು. ಸ್ಟೇಷನ್ ರಸ್ತೆಯ ಕಡೆಯ ಒಂದು ಮಹಡಿಯ ಮೇಲಿನ ಕೋಣೆ. ಫ್ಯಾನು ಸದ್ದು ಮಾಡುತ್ತಿತ್ತು. ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಎಲ್ಲದಕ್ಕಿಂತ ಮೊದಲ ಉತ್ತರ, ನಾನು ಕೇಳಿಯೇ ತೆಗೆದದ್ದು ಎಂಬುದು. "ಫೋಟೋ ತೆಗೆಯಲೇ ತಾಯಿ?" ಎಂದಿದ್ದೆ, ಆಕೆ ತಲೆ ಆಡಿಸಿದ್ದಳು.

ಬ್ಯಾಂಕಿನವರು ಬರೆದುಕೊಂಡರು. ಆಮೇಲೆ ತಲೆ ಎತ್ತಿ, "ನೀವು ಕೇಳುವಾಗ ಚೀಲ ಯಾರ ಕೈಯಲ್ಲಿತ್ತು ಸರ್?" ಎಂದರು.

ನೆನಪಿಸಿಕೊಂಡೆ. ಚೀಲ ನನ್ನ ಕೈಯಲ್ಲಿತ್ತು. ಕೇಳಿದ ಮೇಲೆ ಕೊಟ್ಟೆ, ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ತೆಗೆದೆ.

ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಆ ಮೌನದಲ್ಲಿ ಫ್ಯಾನಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಆಮೇಲೆ ವಕೀಲರು ಫೋಟೋವನ್ನು ದೊಡ್ಡದು ಮಾಡಿ, ಹೆಂಗಸಿನ ಹಿಂದೆ ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ ಹುಡುಗಿಯನ್ನು ತೋರಿಸಿದರು. ಆ ಹುಡುಗಿಯನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ತೆಗೆದವನು ನಾನು, ಬೆಳಕು ಹೊಂದಿಸಿದವನು ನಾನು, ಆದರೆ ಅವಳು ನನಗೆ ಗೋಡೆಯಷ್ಟೇ ಆಗಿದ್ದಳು. ಹದಿನೇಳು ವರ್ಷ. ಪಟ್ಟಣದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ, ಹಬ್ಬದ ರಜೆಗೆ ಬಂದಿದ್ದಳು. ನಮ್ಮ ನಿವೃತ್ತರ ಗುಂಪಿನಿಂದ ಆ ಚಿತ್ರ ಯಾರ ಯಾರ ಮೊಬೈಲಿಗೋ ಹಾರಿ, ಹನ್ನೆರಡನೇ ದಿನ ಅವಳ ಹಾಸ್ಟೆಲಿನ ಕೋಣೆ ಸೇರಿತ್ತು. ಅಕ್ಕಿಯ ವಿಷಯ ಯಾರಿಗೂ ದೊಡ್ಡದಾಗಿರಲಿಲ್ಲ. ನನ್ನ ಆ ಒಂದು ಸಾಲು ಓದಿದ ಮೇಲೆ ಜೊತೆಯವರು ಅವಳ ತಂದೆಯ ಹೆಸರು ಕೇಳತೊಡಗಿದ್ದರು.

ದೂರು ಕೊಟ್ಟವಳು ಆ ಹುಡುಗಿಯೇ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಚೀಲದ ಮೇಲಿನ ಸಣ್ಣ ಅಕ್ಷರ ಓದುವವರು ಆ ಮನೆಯಲ್ಲಿ ಮತ್ತೆ ಯಾರಿದ್ದರು? ದೂರಿನಲ್ಲಿದ್ದ ಒಂದು ಮಾತನ್ನು ಮಾತ್ರ ಓದಿದರು: "ಅಮ್ಮ ಬೇಡ ಎನ್ನುವುದಿಲ್ಲ, ಮುಂದಿನ ತಿಂಗಳು ಅಕ್ಕಿ ಬರದಿದ್ದರೆ ಎಂದು ಹೆದರುತ್ತಾಳೆ."

ಕೊನೆಗೆ ಅವರು ನೀತಿಯ ಪ್ರತಿ ತೆಗೆದು ಆರನೇ ಅಂಶ ನನ್ನ ಮುಂದಿಟ್ಟರು. ಅಚ್ಚಾದ ಪ್ರತಿಯಲ್ಲ. ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದ ಮೂಲ ಹಾಳೆ. ಕಡತದಲ್ಲಿ ಅದೇ ಉಳಿದಿತ್ತಂತೆ, ಬೇಕೆಂದು ತಂದದ್ದಲ್ಲ ಎಂದರು. ನಂಬಿದೆ. ನನ್ನದೇ ಕೈಬರಹ, ಒತ್ತಕ್ಷರಗಳೆಲ್ಲ ಸರಿಯಾಗಿ ಇದ್ದವು.

ಇಡೀ ಪ್ರಕ್ರಿಯೆ ಇಪ್ಪತ್ತಮೂರು ದಿನ ಹಿಡಿಯಿತು. ಅದರಲ್ಲಿ ಹೆಚ್ಚು ದಿನ ಹೋದದ್ದು ಫೋಟೋ ಅಳಿಸುವುದಕ್ಕೆ. ಸ್ಟೇಟಸ್ಸು ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನೇ ಹೋಗಿತ್ತು. ಆದರೆ ಗುಂಪಿನಿಂದ ಹೊರಹೋದದ್ದರ ಬೆನ್ನು ಹತ್ತಬೇಕಾಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕಾರಣ ಹೇಳುವಂತಿಲ್ಲ, ಹೇಳಿದರೆ ಮತ್ತೆ ಅದೇ ಕಥೆ ಹರಡುತ್ತದೆ. "ಚಿತ್ರದಲ್ಲಿ ತಪ್ಪಾಗಿದೆ, ಅಳಿಸಿ" ಎನ್ನುತ್ತಿದ್ದೆ. "ಚೆನ್ನಾಗಿಯೇ ಇದೆಯಲ್ಲ ಸರ್" ಎನ್ನುತ್ತಿದ್ದರು. ಒಬ್ಬ ಹಳೆಯ ಮಿತ್ರರು ಅದನ್ನು ತಮ್ಮ ತಾಲ್ಲೂಕಿನ ಗುಂಪಿಗೆ ಹಾಕಿ ನನ್ನನ್ನು ಹೊಗಳಿ ನಾಲ್ಕು ಸಾಲು ಬರೆದಿದ್ದರು. ಅವುಗಳನ್ನು ಅಳಿಸಲು ಅವರಿಗೆ ಮನಸ್ಸಿರಲಿಲ್ಲ. ಎಷ್ಟು ಕಡೆ ಉಳಿದಿದೆಯೋ ಯಾರಿಗೆ ಗೊತ್ತು.

ತೀರ್ಮಾನ ಹೀಗಿತ್ತು: ದುರುದ್ದೇಶ ಇಲ್ಲ, ನಿಯಮ ಮುರಿದದ್ದು ನಿಜ, ಹಾನಿ ಆಗಿದ್ದೂ ನಿಜ. ಮೂರು ತಿಂಗಳು ಕ್ಷೇತ್ರದ ಕೆಲಸ ಇಲ್ಲ, ತರಬೇತಿ ಮತ್ತೆ ಆಗಬೇಕು. ಸಂಸ್ಥೆಯದೂ ತಪ್ಪಿದೆ ಎಂದು ಅದೇ ಪತ್ರದಲ್ಲಿ ಬರೆದಿದ್ದರು. ಕ್ಯಾಮೆರಾ ಕಳಿಸಿರಲಿಲ್ಲ, ಒಪ್ಪಿಗೆಯ ನಮೂನೆ ಕಚೇರಿಯ ಕಪಾಟಿನಲ್ಲೇ ಕುಳಿತಿತ್ತು. ಹುಡುಗಿಗೆ ಕಾಲೇಜಿನಲ್ಲಿ ಬೇಕಾದ ಸಹಾಯವನ್ನು ಸಂಯೋಜಕಿ ಅವಳನ್ನೇ ಕೇಳಿ ಮಾಡಿದಳು. ಏನು ಮಾಡಿದಳು ಎಂದು ನನಗೆ ಹೇಳಲಿಲ್ಲ. ಆಕೆಯ ಮನೆಗೆ ಅಕ್ಕಿ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ, ಬೇರೆಯವರು ಒಯ್ದುಕೊಟ್ಟರು.

ನಾನು ಹೋಗಿ ಕೈ ಮುಗಿದು ಕ್ಷಮೆ ಕೇಳಿ ಬರುತ್ತೇನೆ ಎಂದೆ. ನಮ್ಮಲ್ಲಿ ಹಿರಿಯರು ತಪ್ಪು ಮಾಡಿದರೆ ಅದೇ ಅಲ್ಲವೇ ದಾರಿ? ಬೇಡ ಎಂದರು. ನೀವು ಬಾಗಿಲಿಗೆ ಬಂದು ಕೈ ಮುಗಿದರೆ ಅವರು ಏನು ಮಾಡಬೇಕು ಸರ್, ಕ್ಷಮಿಸಲೇಬೇಕಲ್ಲ, ಓಣಿಯೆಲ್ಲ ನೋಡುತ್ತಿರುತ್ತದೆ ಎಂದಳು ಸಂಯೋಜಕಿ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಕಷ್ಟವಾದದ್ದು ಇದು. ಅಮಾನತ್ತನ್ನು ನುಂಗಿಕೊಂಡೆ, ಕ್ಷಮೆ ಕೇಳುವ ಸುಖವನ್ನೂ ಕಿತ್ತುಕೊಂಡರಲ್ಲ ಎಂದು ಅಳು ಬಂತು. ಪತ್ರ ಬರೆದೆ, ಎರಡೂವರೆ ಪುಟ. ಓದಿದ ಬ್ಯಾಂಕಿನವರು, "ಇದರಲ್ಲಿ ನಿಮ್ಮ ನೋವೇ ಹೆಚ್ಚಿದೆ" ಎಂದು ಹಿಂದಿರುಗಿಸಿದರು. ನಾಲ್ಕನೇ ಸಲ ಬರೆದದ್ದು ಮೂರು ಸಾಲು: ಏನು ಮಾಡಿದೆ, ಅದು ತಪ್ಪು, ಅಳಿಸಲು ಏನೇನು ಮಾಡಿದ್ದೇನೆ. ಅದನ್ನು ಕಳಿಸಿದರು. ಉತ್ತರ ಬರಲಿಲ್ಲ.

ಇದನ್ನು ಬರೆಯುವ ಮುಂಚೆ ಸಂಯೋಜಕಿಯ ಮೂಲಕ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಿಸಿದೆ. ಈಗ ಅವಳಿಗೆ ಹದಿನೆಂಟು ತುಂಬಿದೆ. ಊರು, ತಿಂಗಳು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಪದ್ಧತಿಯ ವಿಷಯ ತೆಗೆದುಬಿಡಲೇ ಎಂದು ಕೇಳಿಸಿದಾಗ, ಅದನ್ನು ತೆಗೆದರೆ ಓದುವವರಿಗೆ ಏನು ತಿಳಿಯುತ್ತದೆ ಎಂದಳಂತೆ. ಇನ್ನೊಂದು ಸಂಗತಿಯನ್ನು ಬರೆಯಬಾರದು ಎಂದಳು. ಬರೆದಿಲ್ಲ.

ಮೂರು ತಿಂಗಳ ನಂತರ ಮೊದಲ ವಿತರಣೆಗೆ ಹೋದೆ. ಈಗ ನಮ್ಮೆಲ್ಲರ ಮೊಬೈಲುಗಳು ಒಂದು ತಗಡಿನ ಡಬ್ಬಿಯಲ್ಲಿ ಇರುತ್ತವೆ, ಕೆಲಸ ಮುಗಿದ ಮೇಲೆ ಕೊಡುತ್ತಾರೆ. ಹೆಸರು ಕೂಗುವುದಿಲ್ಲ, ಚೀಟಿಯ ನಂಬರು ಕೂಗುತ್ತೇವೆ. ನಂಬರು ಕೂಗುವ ಕೆಲಸ ನನಗೆ ಬಂತು. ಹಾಜರಿ ಕರೆದ ಗಂಟಲು ಅಲ್ಲವೇ. ಹದಿನೇಳನೇ ನಂಬರಿಗೆ ಒಬ್ಬ ಮುದುಕಿ ಬಂದಳು. ಚೀಲ ತೆಗೆದುಕೊಂಡು ಪಕ್ಕಕ್ಕೆ ಹೋಗಲಿಲ್ಲ, ಸೆರಗು ಸರಿಮಾಡಿಕೊಂಡು ನಿಂತಳು.

"ಯಾಕಪ್ಪಾ, ಈ ಸಲ ಫೋಟೋ ಇಲ್ಲವೇ? ಇಳಕಲ್ ಸೀರೆ ಉಟ್ಟು ಬಂದಿದ್ದೇನೆ."

ನಾನು ಸಂಯೋಜಕಿಯ ಮುಖ ನೋಡಿದೆ. ಅವಳು ಚೀಲದಿಂದ ಒಪ್ಪಿಗೆಯ ನಮೂನೆ ತೆಗೆದು ನನ್ನ ಕೈಗೇ ಕೊಟ್ಟಳು. ದಿನಸಿ ಚೀಲ ಆಗಲೇ ಮುದುಕಿಯ ಕಂಕುಳಲ್ಲಿತ್ತು, ಅದನ್ನು ನೋಡಿಕೊಂಡೇ ಓದತೊಡಗಿದೆ. ಆರು ಸಾಲು, ನಾನೇ ಬರೆದವು. ಈ ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೆ ಎಂಬಲ್ಲಿಗೆ ಬಂದಾಗ ತಡೆದಳು.

"ಯಾರು ಯಾರು ನೋಡುತ್ತಾರೆ?"

"ಹಣ ಕೊಡುವವರು ನೋಡುತ್ತಾರಮ್ಮ. ರಾಯಚೂರಿನವರು, ಬೆಂಗಳೂರಿನವರು, ಬೇರೆ ದೇಶದವರೂ ಇರಬಹುದು."

"ಬೆಂಗಳೂರಿನಲ್ಲಿ ನನ್ನ ಮೊಮ್ಮಗ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಅವನು ನೋಡುತ್ತಾನೆಯೇ?"

"ಅವನಿಗೆ ಹೋಗುವುದಿಲ್ಲ."

ಮುದುಕಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದರೆ ಬೇಡ ಬಿಡು" ಎಂದಳು. ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು, ಹಿಂದೆ ನಿಂತಿದ್ದ ಪಕ್ಕದ ಮನೆಯ ಹುಡುಗನನ್ನು ಕೂಗಿ ಕರೆದು, ಅವನ ಮೊಬೈಲಿನ ಮುಂದೆ ನೆಟ್ಟಗೆ ನಿಂತಳು. "ಚೀಲ ಬೀಳಬಾರದು ನೋಡು, ಸೀರೆ ಮಾತ್ರ" ಎಂದಳು. ಹುಡುಗ ಚೀಲವನ್ನು ಅವಳ ಕೈಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟ. ಅದನ್ನು ಹಿಡಿದುಕೊಂಡು ನಾನು ಚಿತ್ರದಲ್ಲಿ ಬೀಳದಂತೆ ಪಕ್ಕಕ್ಕೆ ಸರಿದು ನಿಂತೆ.